ಗಂಟು ಕಟ್ಟುವ ಮೂರು ವರ್ಷ

ಎರಡು ವರ್ಷದ ಹಿಂದೆ ನಮ್ಮ ಮನೆಯ ಹಜಾರದ ಕಿಟಕಿ ಸರಳುಗಳ ತುಂಬ ದಾರದ ಗಂಟುಗಳು. ನನ್ನ ಮನೆಯವಳು ಬೆಳಗ್ಗೆ ಕತ್ತರಿ ಹಿಡಿದು ಎಲ್ಲವನ್ನೂ ಕತ್ತರಿಸಿ ಹಾಕುವಳು. ರಾತ್ರಿ ಊಟದ ಹೊತ್ತಿಗೆ ಮತ್ತೆ ಇಪ್ಪತ್ತು ಮೂವತ್ತು ಹುಟ್ಟಿಕೊಂಡಿರುತ್ತಿದ್ದವು. ಕಟ್ಟುತ್ತಿದ್ದವಳು ನನ್ನ ತಮ್ಮನ ಮಗಳು, ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ಎಂ.ಬಿ.ಬಿ.ಎಸ್. ಮುಗಿಸಿ, ಹೆರಿಗೆ ಮತ್ತು ಸ್ತ್ರೀರೋಗದ ಎಂ.ಎಸ್. ಓದಲು ಸರ್ಕಾರಿ ಆಸ್ಪತ್ರೆಯೊಂದಕ್ಕೆ ಸೇರಿದ್ದಳು. ಹಾಸ್ಟೆಲಿನಲ್ಲಿ ಕೋಣೆ ಸಿಗುವವರೆಗೆ ಎರಡು ತಿಂಗಳು ನಮ್ಮ ಮನೆಯಲ್ಲಿದ್ದಳು. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ದಾರ. ಒಂದೇ ಕೈಯಲ್ಲಿ, ನೋಡದೆ, ಜಾರದ ಹಾಗೆ ಗಂಟು ಹಾಕುವುದನ್ನು ಕಲಿಯಬೇಕಂತೆ. ಆಪರೇಷನ್ ಮಾಡುವಾಗ ಆ ಗಂಟು ಸಡಿಲವಾದರೆ ರಕ್ತ ನಿಲ್ಲುವುದಿಲ್ಲ.

ನನ್ನ ಮೊಮ್ಮಗ ಏಳನೇ ತರಗತಿ. ಅವನ ಪ್ರಶ್ನೆ ನ್ಯಾಯವಾಗಿಯೇ ಇತ್ತು. “ತಾತ, ಪುಟ್ಟತ್ತೆ ಆಗಲೇ ಡಾಕ್ಟರ್ ಅಲ್ವಾ? ಮತ್ತೆ ಯಾಕೆ ಕಲೀತಾಳೆ?”

ಮಕ್ಕಳೇ, ಲೆಕ್ಕ ಹೀಗಿದೆ. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ನೀಟ್ ಪಿಜಿ ಎಂಬ ಇನ್ನೊಂದು ಪರೀಕ್ಷೆ. ಅದರಲ್ಲಿ ಒಳ್ಳೆಯ ರ‍್ಯಾಂಕ್ ಬಂದರೆ ಮೂರು ವರ್ಷದ ಎಂ.ಎಸ್. ನಾನು ಬಿ.ಕಾಂ. ಮೂರು ವರ್ಷದಲ್ಲಿ ಮುಗಿಸಿ ಬ್ಯಾಂಕಿನ ಕೌಂಟರಿನ ಹಿಂದೆ ಕೂತೆ, ನಿವೃತ್ತಿಯಾಗುವ ತನಕ ಮತ್ತೆ ಪುಸ್ತಕ ಮುಟ್ಟಲಿಲ್ಲ. ಈ ಹುಡುಗಿ ನನ್ನ ಮೂರು ಪಟ್ಟು ಓದಿದರೂ ಇನ್ನೂ ‘ಕಲಿಯುವವಳು’.

ಈ ಕಲಿಯುವವರಿಗೆ ಆಸ್ಪತ್ರೆಯಲ್ಲಿ ‘ರೆಸಿಡೆಂಟ್’ ಎನ್ನುತ್ತಾರೆ. ನಮ್ಮ ಕಡೆ ‘ಪಿಜಿಗಳು’ ಎಂದರೇ ಎಲ್ಲರಿಗೂ ಅರ್ಥವಾಗುವುದು. ರೆಸಿಡೆಂಟ್ ಎಂದರೆ ಅಲ್ಲೇ ವಾಸವಿರುವವನು. ಅಮೆರಿಕದ ಬಾಲ್ಟಿಮೋರ್ ಊರಿನಲ್ಲಿ 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆದಾಗ ಅಲ್ಲಿನ ಹಾಲ್‌ಸ್ಟೆಡ್ ಮುಂತಾದ ವೈದ್ಯರು ಈ ಪದ್ಧತಿಗೆ ಒಂದು ರೂಪ ಕೊಟ್ಟರು. ತರುಣ ವೈದ್ಯರು ಆಸ್ಪತ್ರೆಯಲ್ಲೇ ಮಲಗಿ, ಅಲ್ಲೇ ಉಂಡು, ಹಗಲು ರಾತ್ರಿ ರೋಗಿಗಳ ಬಳಿ ಇದ್ದು ಕಲಿಯಬೇಕು. ನಮ್ಮ ಹಳೆಯ ಗುರುಕುಲದ ಹಾಗೇ ಅನ್ನಿ. ಹೆಸರು ಅಂದಿನಿಂದ ಉಳಿಯಿತು, ಹಗಲು ರಾತ್ರಿಯೂ ಉಳಿಯಿತು. ಅದರ ಮಾತು ಆಮೇಲೆ ಹೇಳುತ್ತೇನೆ.

ಹೆರಿಗೆ ಮಾಡಿಸುವುದನ್ನು ಕಲಿಸಿದವರಲ್ಲಿ ನನಗೆ ಬಹಳ ಹಿಡಿಸಿದವರು ಹಾಲ್‌ಸ್ಟೆಡ್ ಅಲ್ಲ, ಅವರಿಗಿಂತ ನೂರು ವರ್ಷಕ್ಕೂ ಹಿಂದಿನ ಒಬ್ಬ ಸೂಲಗಿತ್ತಿ. ಫ್ರಾನ್ಸ್ ದೇಶದ ಮದಾಮ್ ದು ಕುದ್ರೇ. 1759ರಲ್ಲಿ ಅಲ್ಲಿನ ದೊರೆ ಹದಿನೈದನೇ ಲೂಯಿ ಆಕೆಯನ್ನು ಕರೆದು, ಹಳ್ಳಿಹಳ್ಳಿಗೆ ಹೋಗಿ ಹೆಂಗಸರಿಗೆ ಹೆರಿಗೆಯ ವಿದ್ಯೆ ಕಲಿಸು ಎಂದು ಅಪ್ಪಣೆ ಕೊಟ್ಟ. ಹಳ್ಳಿಯ ಹೆಂಗಸರಿಗೆ ಓದು ಬರಹ ಬಾರದು. ಪುಸ್ತಕ ಕೊಟ್ಟು ಏನು ಪ್ರಯೋಜನ? ಆಕೆ ಬಟ್ಟೆ, ಚರ್ಮ, ಹತ್ತಿ ಸೇರಿಸಿ ಒಂದು ಗೊಂಬೆ ಹೊಲಿದಳು. ತಾಯಿಯ ಸೊಂಟದ ಭಾಗ, ಒಳಗೆ ಮಗು, ಮಗುವಿಗೆ ಹೊಕ್ಕುಳ ಬಳ್ಳಿ, ಎಲ್ಲವೂ ಬಟ್ಟೆಯದು. ಮಗು ತಲೆಕೆಳಗಾಗಿ ಬಂದರೆ ಕೈ ಎಲ್ಲಿಡಬೇಕು, ಕಾಲು ಮುಂದಾಗಿ ಬಂದರೆ ಏನು ಮಾಡಬೇಕು, ಗೊಂಬೆಯ ಮೇಲೇ ಹತ್ತು ಸಲ ಮಾಡಿಸಿ ತೋರಿಸುತ್ತಿದ್ದಳು. ತಪ್ಪಿದರೆ ಯಾರಿಗೂ ನೋವಿಲ್ಲ, ಗೊಂಬೆ ಅಳುವುದಿಲ್ಲ. ಸುಮಾರು ಇಪ್ಪತ್ತೈದು ವರ್ಷ ಗಾಡಿಯಲ್ಲಿ ದೇಶ ಸುತ್ತಿ ಸಾವಿರಾರು ಹೆಂಗಸರಿಗೆ ಕಲಿಸಿದಳು. ಆ ಗೊಂಬೆಗಳಲ್ಲಿ ಒಂದು ಇಂದಿಗೂ ರೂಆನ್ ಪಟ್ಟಣದ ವಸ್ತು ಸಂಗ್ರಹಾಲಯದಲ್ಲಿದೆ. ಪುಟ್ಟಿಯ ಕಾಲೇಜಿನಲ್ಲೂ ಗೊಂಬೆಯಿದೆ, ರಬ್ಬರಿನದು. ಬ್ಯಾಂಕಿನಲ್ಲಿ ನಮಗೂ ಅಂಥ ಒಂದು ಗೊಂಬೆ ಗಿರಾಕಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಗೊಂಬೆಯಾದ ಮೇಲೆ? ಇದು ಅಜ್ಜ ಅಜ್ಜಿಯರ ಪ್ರಶ್ನೆ. ಪಾರ್ಕಿನ ಬೆಂಚಿನಲ್ಲಿ ನನ್ನ ಪಕ್ಕ ಕೂರುವ ಹಿರಿಯರೊಬ್ಬರು ಮುಖಕ್ಕೇ ಹೇಳಿದರು: “ಕಲಿಯೋ ಹುಡುಗರ ಕೈಗೆ ನಮ್ಮ ಸೊಸೇನ ಕೊಡೋಕಾಗುತ್ತೇನ್ರೀ?” ಸುಳ್ಳು ಭಯವಲ್ಲ ಅದು. ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ 1840ರ ದಶಕದಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ವಿದ್ಯಾರ್ಥಿಗಳ ವಿಭಾಗದಲ್ಲಿ ನೂರಕ್ಕೆ ಸುಮಾರು ಹತ್ತು ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರು. ಇನ್ನೊಂದರಲ್ಲಿ ನಾಲ್ಕರ ಆಸುಪಾಸು. ಹೆಂಗಸರು ಅತ್ತು ಬೇಡಿಕೊಂಡು ಸೂಲಗಿತ್ತಿಯರ ಕಡೆಗೇ ಹೋಗುತ್ತಿದ್ದರು. ಅಲ್ಲಿದ್ದ ಸೆಮ್ಮೆಲ್ವೀಸ್ ಎಂಬ ತರುಣ ವೈದ್ಯ 1847ರಲ್ಲಿ ಕಾರಣ ಹುಡುಕಿದ. ವಿದ್ಯಾರ್ಥಿಗಳು ಬೆಳಗ್ಗೆ ಹೆಣ ಕೊಯ್ದು ಪಾಠ ಕಲಿತು, ಅದೇ ಕೈಯಲ್ಲಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕು ಎಂದು ಕಟ್ಟುಮಾಡಿದ. ಸಾವು ಎರಡೇ ತಿಂಗಳಲ್ಲಿ ಇಳಿಯಿತು. ಅಂದರೆ ತಪ್ಪು ಕಲಿಯುವುದರಲ್ಲಿ ಇರಲಿಲ್ಲ, ಯಾರೂ ಗಮನಿಸದೆ ಕಲಿಯುವುದರಲ್ಲಿತ್ತು. ಕೈ ತೊಳೆದುಕೊಂಡು ಊಟಕ್ಕೆ ಬಾ ಎಂದು ಅಜ್ಜಿ ಕೂಗಿದಾಗ ಮುಖ ಗಂಟು ಹಾಕುವ ಮಕ್ಕಳು ಇದನ್ನು ಎರಡು ಸಲ ಓದಬಹುದು.

ಈಗ ಹೇಗೆ ಗಮನಿಸುತ್ತಾರೆ ಎಂದು ಕೇಳಿ ತಿಳಿದಾಗ ನನ್ನ ಹಳೆಯ ಬ್ಯಾಂಕೇ ನೆನಪಾಯಿತು. ನಮ್ಮಲ್ಲಿ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ವೋಚರ್ ಬರೆದವನೇ ಅದನ್ನು ಪಾಸ್ ಮಾಡುವಂತಿಲ್ಲ. ಹೆರಿಗೆ ವಿಭಾಗದಲ್ಲೂ ಹಾಗೇ. ಮೊದಲ ವರ್ಷದ ಪಿಜಿ ಮೊದಲು ನಿಂತು ನೋಡಬೇಕು. ಆಮೇಲೆ ದೊಡ್ಡವರಿಗೆ ಕೈ ಜೋಡಿಸಬೇಕು. ಆಮೇಲೆ ತಾನು ಮಾಡಬೇಕು, ದೊಡ್ಡವರು ಪಕ್ಕದಲ್ಲಿ ಗ್ಲೌಸ್ ಹಾಕಿಕೊಂಡು ನಿಂತಿರುತ್ತಾರೆ. ಸ್ವತಂತ್ರವಾಗಿ ಮಾಡುವುದು ಎಷ್ಟೋ ತಿಂಗಳಾದ ಮೇಲೆ. ಮೂರನೇ ವರ್ಷಕ್ಕೆ ಬಂದವಳು ಮೊದಲ ವರ್ಷದವಳಿಗೆ ಕಲಿಸಬೇಕು. ಪ್ರತಿಯೊಂದನ್ನೂ ಲಾಗ್ ಬುಕ್ಕಿನಲ್ಲಿ ಬರೆಯಬೇಕು, ನೋಡಿದ್ದೆಷ್ಟು, ಸಹಾಯ ಮಾಡಿದ್ದೆಷ್ಟು, ತಾನೇ ಮಾಡಿದ್ದೆಷ್ಟು. ಕೆಳಗೆ ಗುರುಗಳ ಸಹಿ. ಪುಟ್ಟಿಯ ಲಾಗ್ ಬುಕ್ ತಿರುವಿ ನೋಡಿದೆ. ಅಕ್ಷರ ಕಾಗೆ ಕಾಲಿನ ಹಾಗಿದ್ದರೂ ಎಂಟ್ರಿ ಎಲ್ಲವೂ ಸರಿಯಾಗಿತ್ತು.

ಇನ್ನೊಂದು ಮಾತು ಆ ಬೆಂಚಿನ ಹಿರಿಯರಿಗೆ. ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಇವೆಲ್ಲ ಪಿಜಿಗಳು ಕಲಿಯುವ ಆಸ್ಪತ್ರೆಗಳೇ. ನಿಮ್ಮ ಮಗನೋ ಮಗಳೋ ಅಲ್ಲಿ ಹುಟ್ಟಿದ್ದರೆ, ಈ ಲೋಕದಲ್ಲಿ ಅವರನ್ನು ಮೊದಲು ಎತ್ತಿಕೊಂಡ ಕೈ ಒಬ್ಬ ಕಲಿಯುವವಳದೇ ಆಗಿದ್ದಿರಬಹುದು.

ಮಕ್ಕಳಿಗೆ ಈಗ ಒಂದು ಗ್ರಾಫ್ ತೋರಿಸಬೇಕು. ಶಾಲೆಯಲ್ಲಿ ಗ್ರಾಫ್ ಹಾಳೆ ಕೊಟ್ಟಾಗ ‘ಇದು ಎಲ್ಲಿ ಉಪಯೋಗಕ್ಕೆ ಬರುತ್ತೆ’ ಎಂದು ಗೊಣಗುತ್ತೀರಲ್ಲ, ಇಲ್ಲಿ ಬರುತ್ತದೆ. ಹೆರಿಗೆ ಕೋಣೆಯಲ್ಲಿ ನೋವು ತಿನ್ನುತ್ತಿರುವ ಪ್ರತಿ ತಾಯಿಯ ಹೆಸರಿಗೆ ಒಂದು ಹಾಳೆ. ಅದಕ್ಕೆ ಪಾರ್ಟೋಗ್ರಾಫ್ ಎಂದು ಹೆಸರು. ಅಡ್ಡಕ್ಕೆ ಗಂಟೆಗಳು. ಉದ್ದಕ್ಕೆ, ಮಗು ಹೊರಬರುವ ಬಾಗಿಲು ಎಷ್ಟು ಸೆಂಟಿಮೀಟರ್ ತೆರೆದಿದೆ ಎಂಬ ಗುರುತು. ಹತ್ತು ಆದರೆ ಪೂರ್ತಿ ತೆರೆದಂತೆ. ಮೇಲ್ಭಾಗದಲ್ಲಿ ಹೊಟ್ಟೆಯೊಳಗಿನ ಮಗುವಿನ ಎದೆಬಡಿತ, ಅರ್ಧ ಗಂಟೆಗೊಂದು ಚುಕ್ಕಿ. ಅದು ನಿಮಿಷಕ್ಕೆ 110ರಿಂದ 160ರ ಒಳಗಿರಬೇಕು. ನಿಮ್ಮ ಮಣಿಕಟ್ಟು ಹಿಡಿದು ನಿಮ್ಮ ನಾಡಿ ಎಣಿಸಿ ನೋಡಿ, ಹುಟ್ಟದ ಮಗು ನಿಮಗಿಂತ ಎಷ್ಟು ಅವಸರದಲ್ಲಿದೆ ಎಂದು ತಿಳಿಯುತ್ತದೆ.

ಹೆರಿಗೆಯನ್ನು ಹೀಗೆ ಗೆರೆ ಎಳೆದು ನೋಡಬಹುದು ಎಂದು 1950ರ ದಶಕದಲ್ಲಿ ತೋರಿಸಿದವರು ನ್ಯೂಯಾರ್ಕಿನ ಫ್ರೀಡ್‌ಮನ್ ಎಂಬ ತರುಣ ವೈದ್ಯರು. ಅದಕ್ಕೆ ಎಚ್ಚರಿಕೆಯ ಗೆರೆ ಸೇರಿದ್ದು ಆಫ್ರಿಕಾದಲ್ಲಿ. ಇಂದಿನ ಜಿಂಬಾಬ್ವೆಯಲ್ಲಿ ಕೆಲಸ ಮಾಡುತ್ತಿದ್ದ ಫಿಲ್‌ಪಾಟ್ ಮತ್ತು ಕ್ಯಾಸಲ್ ಎಂಬ ಇಬ್ಬರು ವೈದ್ಯರು 1972ರಲ್ಲಿ ಹಾಳೆಯ ಮೇಲೆ ಎರಡು ಓರೆ ಗೆರೆ ಎಳೆದರು. ಚುಕ್ಕಿಗಳು ಮೊದಲ ಗೆರೆ ದಾಟಿ ಬಲಕ್ಕೆ ಸರಿದರೆ ಹಳ್ಳಿಯ ದಾದಿ ತಾಯಿಯನ್ನು ದೊಡ್ಡಾಸ್ಪತ್ರೆಗೆ ಹೊರಡಿಸಬೇಕು. ಅಲ್ಲಿಂದ ನಾಲ್ಕು ಗಂಟೆ ಬಲಕ್ಕೆ ಎರಡನೇ ಗೆರೆ. ಅದನ್ನು ಮುಟ್ಟುವ ಹೊತ್ತಿಗೆ ವೈದ್ಯರು ಏನಾದರೂ ಮಾಡಿಯೇ ತೀರಬೇಕು. ಆ ನಾಲ್ಕು ಗಂಟೆ ಏಕೆ ಗೊತ್ತೇ? ಹಳ್ಳಿಯಿಂದ ಆಸ್ಪತ್ರೆ ಮುಟ್ಟಲು ಬೇಕಾಗುವ ದಾರಿಯ ಹೊತ್ತು. ನನಗೆ ಇದನ್ನು ಕೇಳಿ ಮೈ ಜುಮ್ಮೆಂದಿತು. ರಸ್ತೆಯ ದೂರವನ್ನೂ ಒಂದು ಹಾಳೆಯ ಮೇಲೆ ಬರೆದಿದ್ದಾರೆ! 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಹಾಳೆಯನ್ನು ತಿದ್ದಿ ಹೊಸದೊಂದನ್ನು ತಂದಿದೆ. ಎಲ್ಲ ತಾಯಂದಿರೂ ಒಂದೇ ವೇಗದಲ್ಲಿ ಹೆರಬೇಕೆಂದು ಕಟ್ಟುಪಾಡು ಮಾಡುವುದು ಸರಿಯಲ್ಲ ಎಂದು ಈಚಿನ ತಿಳಿವಳಿಕೆ.

ಪಿಜಿಗಳು ಒಂದು ಪ್ರಬಂಧವನ್ನೂ ಬರೆಯಬೇಕು. ಪುಟ್ಟಿಯದು ಹೆರಿಗೆಯಾದ ಮೇಲಿನ ರಕ್ತಸ್ರಾವದ ವಿಷಯ. ಅವಳು ಓದುತ್ತಿದ್ದ ಕಾಗದಗಳಲ್ಲಿ ನಮ್ಮ ಬೆಳಗಾವಿಯ ಹೆಸರು ಕಂಡು ಕನ್ನಡಕ ಹಾಕಿಕೊಂಡು ನಾನೂ ಕೂತೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ತಾಯಂದಿರ ಮೇಲೆ ಒಂದು ಅಧ್ಯಯನ ನಡೆಯಿತು. ರಕ್ತ ನಿಲ್ಲಿಸುವ ಇಂಜೆಕ್ಷನ್ ತಂಪಾಗಿ ಇಡಬೇಕಾದದ್ದು. ಕರೆಂಟಿಲ್ಲದ ಹಳ್ಳಿಯಲ್ಲಿ ಫ್ರಿಜ್ ಎಲ್ಲಿ ತರುವುದು? ಅದರ ಬದಲು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ದಾದಿಯರೇ ಕೊಟ್ಟರೆ ಹೇಗೆ ಎಂಬುದು ಪ್ರಶ್ನೆ. ಮಾತ್ರೆ ಪಡೆಯದವರಲ್ಲಿ ನೂರಕ್ಕೆ 12 ಮಂದಿಗೆ ಹೆಚ್ಚು ರಕ್ತ ಹೋಯಿತು, ಪಡೆದವರಲ್ಲಿ 6.4. ಸರಿಸುಮಾರು ಅರ್ಧ. ರಕ್ತ ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳದೆ, ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಅಳೆದರಂತೆ. ನೋಟಿನ ಕಟ್ಟು ಎಷ್ಟೇ ದಪ್ಪ ಕಂಡರೂ ಎಣಿಸದೆ ನಂಬಬಾರದು ಎಂದು ಕಲಿತ ನನಗೆ ಆ ಚೀಲದ ಮೇಲೆ ಬಹಳ ಗೌರವ ಬಂತು. 2006ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಹಾಗೆಂದು ಹಳಬರಿಗೆ ಏನೂ ಗೊತ್ತಿರಲಿಲ್ಲ ಎನ್ನಬೇಡಿ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ತಮ್ಮ ಅಜ್ಜಿಯ ಪಕ್ಕದಲ್ಲಿ ನಿಂತು ಕಲಿತು, ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು, ಆ ವರ್ಷದ ಡಿಸೆಂಬರಿನಲ್ಲೇ ತೀರಿಕೊಂಡರು. ಅಜ್ಜಿಯ ಪಕ್ಕದಲ್ಲಿ ನಿಂತು ನೋಡಿ ಕಲಿತದ್ದೂ ಒಂದು ರೆಸಿಡೆನ್ಸಿಯೇ. ಆದರೆ ರಕ್ತ ಬೇಕಾದಾಗ, ಹೊಟ್ಟೆ ಕೊಯ್ದು ಮಗು ತೆಗೆಯಬೇಕಾದಾಗ ಆಸ್ಪತ್ರೆಯೇ ಬೇಕು. ನಮ್ಮ ದೇಶದಲ್ಲಿ 2001–03ರಲ್ಲಿ ಒಂದು ಲಕ್ಷ ಮಕ್ಕಳು ಹುಟ್ಟಿದರೆ 301 ತಾಯಂದಿರು ಸಾಯುತ್ತಿದ್ದರು. 2018–20ರ ಲೆಕ್ಕದಲ್ಲಿ ಅದು 97, ಕರ್ನಾಟಕದಲ್ಲಿ 69. ಆಶಾ ಕಾರ್ಯಕರ್ತೆಯರು, 108 ಆಂಬುಲೆನ್ಸ್, ರಕ್ತನಿಧಿ, ಎಲ್ಲರದೂ ಇದರಲ್ಲಿ ಪಾಲಿದೆ. ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್ ಬಾಗಿಲು ತೆರೆದಾಗ ಎದುರಿಗೆ ನಿಂತಿರುವವಳು ಮಾತ್ರ ಬಹಳ ಸಲ ಒಬ್ಬ ಪಿಜಿ.

ಆ ರಾತ್ರಿಯ ಮಾತಿಗೆ ಬರುತ್ತೇನೆ. ಹೋದ ವರ್ಷ ಮಳೆಗಾಲದಲ್ಲಿ ಪುಟ್ಟಿಯ ಪಾಳಿಯಲ್ಲಿ ದೂರದ ತಾಲ್ಲೂಕಿನಿಂದ ಬಸುರಿಯೊಬ್ಬಳನ್ನು ಕರೆತಂದರು. ರಕ್ತದೊತ್ತಡ ಏರಿ ಫಿಟ್ಸ್ ಬಂದಿತ್ತು. ಇವಳು ಇಂಜೆಕ್ಷನ್ ಕೊಡುತ್ತ ಓಡಾಡುತ್ತಿದ್ದರೆ ಹುಡುಗಿಯ ಮಾವ ಇವಳ ಕೈ ಅಡ್ಡಗಟ್ಟಿ “ನೀನ್ಯಾರಮ್ಮ? ದೊಡ್ಡ ಡಾಕ್ಟರ್ ಎಲ್ಲಿ?” ಎಂದು ಕೂಗಾಡಿದರಂತೆ. ದೊಡ್ಡ ಡಾಕ್ಟರ್ ಪಕ್ಕದ ಆಪರೇಷನ್ ಕೋಣೆಯಲ್ಲಿ ಇನ್ನೊಬ್ಬ ತಾಯಿಯ ಹೊಟ್ಟೆ ಹೊಲಿಯುತ್ತಿದ್ದರು. ತಾಯಿ ಮಗು ಇಬ್ಬರೂ ಉಳಿದರು. ಮಾರನೆಯ ದಿನ ಸಂಜೆಯವರೆಗೂ ವಾರ್ಡಿನ ಕೆಲಸ ಮುಗಿಸಿ, ಒಟ್ಟು 34 ಗಂಟೆಯ ಮೇಲೆ, ಇವಳು ಸ್ಕೂಟರ್ ಹತ್ತಿ ನಮ್ಮ ಮನೆಗೆ ಹೊರಟಳು. ಸಿಗ್ನಲಿನಲ್ಲಿ ಕೆಂಪು ದೀಪ ಬಿದ್ದಾಗ ಕೂತಲ್ಲೇ ನಿದ್ದೆ ಹೋದಳು. ಹಿಂದಿನ ಬಸ್ಸಿನವನು ಹಾರನ್ ಹೊಡೆದಾಗ ಎಚ್ಚರ.

ಇದನ್ನು ಕೇಳಿದ ಅವಳ ಅಮ್ಮ ಮಾರನೆಯ ದಿನವೇ ಬಸ್ಸು ಹತ್ತಿ ಬಂದಳು. “ಸಾಕು, ಬಿಟ್ಟು ಬಾ. ಎಂ.ಬಿ.ಬಿ.ಎಸ್. ಇದೆಯಲ್ಲ, ಊರಲ್ಲೇ ಕ್ಲಿನಿಕ್ ಹಾಕು” ಎಂದಳು. 2024ರ ಆಗಸ್ಟಿನಲ್ಲಿ ಕೋಲ್ಕತ್ತಾದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ತರುಣ ವೈದ್ಯೆಗೆ ಆದದ್ದನ್ನು ಹಿರಿಯರು ಓದಿದ್ದೀರಿ. ಮಕ್ಕಳ ಎದುರು ಅದನ್ನು ಬಿಡಿಸಿ ಹೇಳುವುದಿಲ್ಲ. ಅಂದಿನಿಂದ ಆ ತಾಯಿ ಮಗಳ ಪಾಳಿಯ ರಾತ್ರಿ ಫೋನ್ ದಿಂಬಿನ ಕೆಳಗಿಟ್ಟುಕೊಂಡೇ ಮಲಗುವುದು. ಅವಳನ್ನು ಹೆದರುಪುಕ್ಕಿ ಎಂದು ನಾನಂತೂ ಹೇಳಲಾರೆ.

ಜಗಳ ಬಿಡಿಸಲು ನನಗೆ ಗೊತ್ತಿರುವುದು ಲೆಕ್ಕ ಮಾತ್ರ. ಕಾಗದ ಪೆನ್ಸಿಲ್ ತೆಗೆದುಕೊಂಡೆ. ಆರು ದಿನ, ದಿನಕ್ಕೆ ಹತ್ತು ಗಂಟೆಯಂತೆ 60. ವಾರಕ್ಕೆ ಎರಡು ರಾತ್ರಿ ಪಾಳಿ, ತಲಾ 14ರಂತೆ 28. ಭಾನುವಾರದ ರೌಂಡ್ಸ್ 4. ಮೊತ್ತ 92. ನಮ್ಮ ಕೇಂದ್ರ ಸರ್ಕಾರ 1992ರಲ್ಲೇ ರೆಸಿಡೆಂಟ್ ವೈದ್ಯರಿಗೆ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರದಂತೆ ಕೆಲಸ ಎಂದು ಹೇಳಿತ್ತು. 2023ರ ಹೊಸ ನಿಯಮದಲ್ಲಿ ಗಂಟೆಯ ಸಂಖ್ಯೆಯಿಲ್ಲ, ‘ಸಮಂಜಸವಾದ’ ಕೆಲಸದ ಅವಧಿ ಮತ್ತು ವಿಶ್ರಾಂತಿ ಕೊಡಬೇಕು ಎಂದಿದೆ. ಕೆಲಸದ ಒತ್ತಡ ನೋಡಿಕೊಂಡು ವಾರಕ್ಕೊಂದು ರಜೆ. ಸರ್ಕ್ಯುಲರಿನಲ್ಲಿ ‘ಸಮಂಜಸ’ ಎಂದು ಬರೆದರೆ ಅದನ್ನು ನಿರ್ಧರಿಸುವವರು ಯಾರು ಎಂದು ಯಾವ ಗುಮಾಸ್ತನನ್ನು ಕೇಳಿದರೂ ಹೇಳುತ್ತಾನೆ. ನನ್ನ ಮಟ್ಟಿಗೆ ಹಳೆಯ 48 ಎಂಬ ಅಂಕಿಯೇ ಚೆನ್ನಾಗಿತ್ತು; ಅಂಕಿಗೆ ನಾಚಿಕೆಯಿಲ್ಲ, ಎದುರು ನಿಂತು ಕೇಳುತ್ತದೆ.

ಅಮೆರಿಕದಲ್ಲೂ ಇದು ಸುಲಭಕ್ಕೆ ಬರಲಿಲ್ಲ. 1984ರಲ್ಲಿ ನ್ಯೂಯಾರ್ಕಿನಲ್ಲಿ 18 ವರ್ಷದ ಹುಡುಗಿಯೊಬ್ಬಳು ಆಸ್ಪತ್ರೆಗೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ನೋಡಿಕೊಂಡವರು ಬಿಡುವಿಲ್ಲದೆ ದುಡಿಯುತ್ತಿದ್ದ ರೆಸಿಡೆಂಟರು. ಅವಳ ತಂದೆ ಸುಮ್ಮನೆ ಕೂರಲಿಲ್ಲ. 1989ರಲ್ಲಿ ಆ ರಾಜ್ಯದಲ್ಲಿ ವಾರಕ್ಕೆ 80 ಗಂಟೆಯ ಮಿತಿ ಬಂತು, 2003ರಲ್ಲಿ ದೇಶಕ್ಕೆಲ್ಲ. ಅಲ್ಲಿನ ಮಿತಿಗಿಂತಲೂ ನಮ್ಮ ಪುಟ್ಟಿಯ ವಾರ 12 ಗಂಟೆ ಉದ್ದ.

ಹಳೆಯ ವೈದ್ಯರು ಇದಕ್ಕೆ ಎದುರು ಮಾತೂ ಹೇಳುತ್ತಾರೆ. ಹೆರಿಗೆ ಗಡಿಯಾರ ನೋಡಿ ಬರುವುದಿಲ್ಲ. ಕಷ್ಟದ ಹೆರಿಗೆಗಳನ್ನು ನೋಡದೆ ಕಲಿತವರು ನಾಳೆ ಒಬ್ಬರೇ ನಿಂತಾಗ ಏನು ಮಾಡುತ್ತಾರೆ? ಪಾಳಿ ಬದಲಾದಷ್ಟೂ ಒಬ್ಬರಿಂದ ಇನ್ನೊಬ್ಬರಿಗೆ ಹೇಳುವಾಗ ಏನಾದರೂ ಬಿಟ್ಟುಹೋಗುತ್ತದೆ. ನಿಜ. ಆದರೆ ಕ್ಯಾಷ್ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ನಾವು ಎಣಿಸಿ, ಬರೆದು, ಇಬ್ಬರೂ ಸಹಿ ಹಾಕುತ್ತಿರಲಿಲ್ಲವೇ? ಅರ್ಧ ವಾರ್ಷಿಕ ಲೆಕ್ಕದ ರಾತ್ರಿಗಳಲ್ಲಿ ನಮ್ಮ ಹೆಡ್ ಕ್ಯಾಷಿಯರ್ ಹನ್ನೆರಡು ಹೊಡೆದ ಮೇಲೆ ಯಾರಿಗೂ ಮೊತ್ತ ಕೂಡಲು ಬಿಡುತ್ತಿರಲಿಲ್ಲ, “ಬೆಳಗ್ಗೆ ನೋಡೋಣ, ಮಲಗಿ” ಎನ್ನುತ್ತಿದ್ದರು. ನಮ್ಮ ಲೆಡ್ಜರ್ ಬೆಳಗ್ಗೆಯವರೆಗೆ ಕಾಯುತ್ತಿತ್ತು. ಪುಟ್ಟಿಯ ಹಾಳೆಯ ಚುಕ್ಕಿ ಅರ್ಧ ಗಂಟೆಯೂ ಕಾಯುವುದಿಲ್ಲ. ಅದನ್ನು ಹಾಕುವ ಕೈ ನಿದ್ದೆಗೆಟ್ಟಿರಬಾರದು. ಅದಕ್ಕೆ ಬೇಕಾದಷ್ಟು ಜನರನ್ನು ಕೊಡಬೇಕಾದ್ದು ಸರ್ಕಾರದ ಕೆಲಸ. ರಾತ್ರಿ ಪಾಳಿಯವರಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ ಕೊಡಲು ಜನವೂ ಬೇಕಿಲ್ಲ, ಒಬ್ಬ ಬಡಗಿ ಸಾಕು.

ಪುಟ್ಟಿ ಬಿಡಲಿಲ್ಲ. ಮಧ್ಯದಲ್ಲಿ ಸೀಟು ಬಿಟ್ಟರೆ ಕಟ್ಟಬೇಕಾದ ದಂಡದ ಮಾತನ್ನು ಅವಳ ಅಪ್ಪ ಎತ್ತಿದ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. “ಅಮ್ಮ, ಆ ಫಿಟ್ಸ್ ಬಂದ ಹುಡುಗಿಗೆ ಹತ್ತೊಂಬತ್ತು ವರ್ಷ. ನಾನು ಊರಲ್ಲಿ ಕ್ಲಿನಿಕ್ ಹಾಕಿದ್ದರೆ ಅವಳನ್ನ ಇಲ್ಲಿಗೇ ಕಳಿಸ್ತಿದ್ದೆ. ಇಲ್ಲಿ ಯಾರಿರ್ತಿದ್ರು?” ಎಂದಳು. ಅವಳ ಅಮ್ಮ ಉತ್ತರ ಕೊಡಲಿಲ್ಲ, ಒಳಗೆ ಹೋಗಿ ಉಪ್ಪಿಟ್ಟಿಗೆ ರವೆ ಹುರಿಯತೊಡಗಿದಳು. ಆಮೇಲೆ ಅವರ ಯೂನಿಟ್ಟಿನ ಮುಖ್ಯಸ್ಥರು, ಪುಣ್ಯಾತ್ಮರು, ರಾತ್ರಿ ಪಾಳಿ ಮಾಡಿದವರು ಮಾರನೆಯ ದಿನ ಮಧ್ಯಾಹ್ನ ಒಂದಕ್ಕೆ ಹೊರಡಬೇಕು ಎಂದು ಗೊತ್ತು ಮಾಡಿದರಂತೆ. ಅಂದರೆ ವಾರಕ್ಕೆ ಹತ್ತು ಗಂಟೆ ಕಡಿಮೆ. 92 ಹೋಗಿ 82 ಆಯಿತು. ಇನ್ನೂ 34 ಬಾಕಿ.

ಈಗ ಅವಳು ಜಿಲ್ಲಾ ಆಸ್ಪತ್ರೆಯಲ್ಲಿದ್ದಾಳೆ. ಪಿಜಿಗಳೆಲ್ಲ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕೆಂದು ಈಚೆಗೆ ನಿಯಮವಾಗಿದೆ. ಒಳ್ಳೆಯ ನಿಯಮ. ಅಲ್ಲಿ ಯಂತ್ರಗಳು ಕಡಿಮೆ, ಹಿರಿಯರು ಕಡಿಮೆ, ತಾಯಂದಿರು ಮಾತ್ರ ಅಷ್ಟೇ. ಮೊನ್ನೆ ಭಾನುವಾರ ಫೋನ್ ಮಾಡಿದ್ದಳು. “ದೊಡ್ಡಪ್ಪ, ಇಲ್ಲಿನ ಸಿಸ್ಟರ್ ಒಬ್ಬರಿಗೆ ಮೂವತ್ತು ವರ್ಷ ಸರ್ವಿಸು. ಹೊಟ್ಟೆ ಮೇಲೆ ಕೈಯಿಟ್ಟೇ ಮಗು ಯಾವ ಕಡೆ ತಿರುಗಿದೆ ಅಂತ ಹೇಳ್ತಾರೆ. ದಿನಾ ಅವರ ಹಿಂದೇನೇ ಸುತ್ತುತಿದೀನಿ” ಎಂದಳು. ನಿದ್ದೆ ಹೇಗಿದೆ ಎಂದು ಕೇಳಿದೆ. ನಿನ್ನೆ ಏಳು ಗಂಟೆ ಮಲಗಿದ್ದಳಂತೆ. ಅವಳ ಅಮ್ಮ ಚಟ್ನಿಪುಡಿ, ಹುರಿಗಡಲೆ ಉಂಡೆ ಕಟ್ಟಿ ಕೊರಿಯರಿಗೆ ಕೊಟ್ಟಿದ್ದಾಳೆ, ಆ ಸಿಸ್ಟರಿಗೂ ಸೇರಿಸಿ.